ಹಳೆಯ ಡಿಸ್ಕ್, ಹೊಸ ಸಿಸ್ಟಂ: ಡ್ರೈವರ್ ಕೈಕೊಟ್ಟರೆ ಫಾರ್ಮ್ಯಾಟ್ ಒಂದೇ ದಾರಿಯಲ್ಲ

ನೀಲಿ ಪರದೆ, ಅಲುಗಾಡದ ಮೌಸ್, ಹಳದಿ ತ್ರಿಕೋನ, ಮುನಿಸಿಕೊಂಡ ಪ್ರಿಂಟರ್... ಹಳೆಯ ಕಂಪ್ಯೂಟರಿನಲ್ಲಿದ್ದುದನ್ನು ಹೊಸ ಯಂತ್ರಕ್ಕೆ ಸಾಗಿಸುವಾಗ ಎದುರಾಗುವ ಒಂದೊಂದು ತೊಂದರೆಗೂ ಒಂದೊಂದು ಕಾರಣವಿದೆ. ಕಾರಣ ತಿಳಿದರೆ ಪರಿಹಾರ ದೂರವಿಲ್ಲ.

ಜಿಲ್ಲಾ ಕೇಂದ್ರಗಳ ಮುದ್ರಣಾಲಯಗಳಲ್ಲಿ, ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಗಳಲ್ಲಿ, ಸಹಕಾರ ಸಂಘಗಳ ಲೆಕ್ಕದ ಮೇಜಿನ ಮೇಲೆ ಹತ್ತು ಹದಿನೈದು ವರ್ಷ ಹಳೆಯ ಕಂಪ್ಯೂಟರುಗಳು ಇನ್ನೂ ದುಡಿಯುತ್ತಿವೆ. ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7, ಅದರ ಮೇಲೆ ಪೇಜ್‌ಮೇಕರ್, ಶ್ರೀಲಿಪಿ ಇಲ್ಲವೇ ನುಡಿಯ ಹಳೆಯ ಆವೃತ್ತಿ, ಜೊತೆಗೆ ವರ್ಷಗಟ್ಟಲೆ ಕೂಡಿಬಂದ ಸ್ಮರಣ ಸಂಚಿಕೆ, ಲಗ್ನಪತ್ರಿಕೆ, ಕರಪತ್ರಗಳ ಕಡತಗಳು. ಒಂದು ದಿನ ಮದರ್‌ಬೋರ್ಡ್ ಕೆಡುತ್ತದೆ. ಹಾರ್ಡ್ ಡಿಸ್ಕ್ ಮಾತ್ರ ಗಟ್ಟಿಯಾಗಿದೆ. ಅದನ್ನು ಬಿಚ್ಚಿ ಹೊಸ ಸಿಸ್ಟಂಗೆ ಜೋಡಿಸಿ ಗುಂಡಿ ಒತ್ತಿದರೆ ವಿಂಡೋಸ್ ಲಾಂಛನ ಮೂಡುತ್ತದೆ, ನೀಲಿ ಪರದೆಯೊಂದು ಮಿಂಚಿ ಮಾಯವಾಗುತ್ತದೆ, ಯಂತ್ರ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

‘ಫಾರ್ಮ್ಯಾಟ್ ಮಾಡಿಸಿಬಿಡಿ’ ಎಂಬ ಸಲಹೆ ಆಗ ತಕ್ಷಣ ಸಿಗುತ್ತದೆ. ಹಾಗೆ ಮಾಡಿಸಿದರೆ ಸಿಡಿ ಕಳೆದುಹೋದ ತಂತ್ರಾಂಶ, ಅದರ ಪರವಾನಗಿ, ಫಾಂಟ್‌ಗಳು, ವರ್ಷಗಳಿಂದ ಕೂಡಿಸಿಕೊಂಡ ಸೆಟ್ಟಿಂಗುಗಳು ಎಲ್ಲವೂ ಹೋಗುತ್ತವೆ. ಇಲ್ಲಿ ಡಿಸ್ಕ್ ಕೆಟ್ಟಿಲ್ಲ, ವಿಂಡೋಸ್ ಕೂಡ ಕೆಟ್ಟಿಲ್ಲ. ಹೊಸ ಮದರ್‌ಬೋರ್ಡಿನ ಮಾತು ಗೊತ್ತಿರುವ ದುಭಾಷಿ ಅದರ ಬಳಿ ಇಲ್ಲ, ಅಷ್ಟೇ. ಆ ದುಭಾಷಿಯೇ ಡ್ರೈವರ್.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್ ಬೇಕು. ಯಂತ್ರ ಬದಲಿಸಬೇಕಾದ ಒತ್ತಡ ಈಗ ಸಣ್ಣ ಅಂಗಡಿಗಳಿಗೂ ಬಂದಿರುವುದರಿಂದ ಈ ತೊಂದರೆಗಳನ್ನು ಅರಿತಿರುವುದು ಒಳ್ಳೆಯದು.

ನೀಲಿ ಪರದೆಯನ್ನು ಓದಿ

ಮಿಂಚಿ ಮಾಯವಾಗುವ ಪರದೆಯನ್ನು ಮೊದಲು ನಿಲ್ಲಿಸಬೇಕು. ಎಕ್ಸ್‌ಪಿ, ವಿಂಡೋಸ್ 7ರಲ್ಲಿ ಯಂತ್ರ ಶುರುವಾಗುವಾಗ ಎಫ್8 ಕೀಲಿ ಒತ್ತಿದರೆ ಬರುವ ಪಟ್ಟಿಯಲ್ಲಿ, ದೋಷ ಬಂದಾಗ ತಾನಾಗಿ ರೀಸ್ಟಾರ್ಟ್ ಆಗುವುದನ್ನು ತಡೆಯುವ ಆಯ್ಕೆಯಿದೆ. ಆಮೇಲೆ ಪರದೆ ನಿಲ್ಲುತ್ತದೆ. ಅದರಲ್ಲಿ ಸೊನ್ನೆಗಳ ಸಾಲಿನ ಕೊನೆಗೆ ‘7ಬಿ’ ಕಂಡರೆ, ಬೂಟ್ ಆಗಬೇಕಾದ ಡಿಸ್ಕ್ ವಿಂಡೋಸ್‌ಗೆ ಸಿಗುತ್ತಿಲ್ಲ ಎಂದರ್ಥ.

ಡಿಸ್ಕ್‌ನಿಂದಲೇ ಶುರುವಾದ ವಿಂಡೋಸ್‌ಗೆ ಅದೇ ಡಿಸ್ಕ್ ಹೇಗೆ ಸಿಗದೆ ಹೋಗುತ್ತದೆ? ಮೊದಲ ಕೆಲವು ಕ್ಷಣ ಡಿಸ್ಕ್ ಓದಿಕೊಡುವುದು ಬಯೋಸ್. ಕರ್ನಲ್ ಎದ್ದಮೇಲೆ ಆ ಕೆಲಸವನ್ನು ವಿಂಡೋಸ್‌ನ ಸ್ವಂತ ಡ್ರೈವರ್ ವಹಿಸಿಕೊಳ್ಳಬೇಕು. ಹಳೆಯ ಯಂತ್ರದಲ್ಲಿ ಡಿಸ್ಕ್ ಐಡಿಇ ವಿಧಾನದಲ್ಲಿತ್ತು, ಹೊಸದರಲ್ಲಿ ಎಎಚ್‌ಸಿಐ ಇದೆ. ಎಕ್ಸ್‌ಪಿ ಬಿಡುಗಡೆಯಾದದ್ದು 2001ರಲ್ಲಿ. ಎಎಚ್‌ಸಿಐ ಮಾನದಂಡದ ಮೊದಲ ಆವೃತ್ತಿ ಬಂದದ್ದು 2004ರಲ್ಲಿ. ಹಾಗಾಗಿ ಎಕ್ಸ್‌ಪಿಯಲ್ಲಿ ಅದರ ಡ್ರೈವರ್ ಇಲ್ಲವೇ ಇಲ್ಲ.

ಹೊಸ ಮದರ್‌ಬೋರ್ಡಿನ ಬಯೋಸ್‌ನಲ್ಲಿ ಸಾಟಾ ವಿಧಾನವನ್ನು ಐಡಿಇಗೆ ಬದಲಿಸಲು ಅವಕಾಶವಿದ್ದರೆ ಅದು ಸುಲಭದ ದಾರಿ. ತೀರಾ ಹೊಸ ಬೋರ್ಡ್‌ಗಳು ಆ ಅವಕಾಶವನ್ನೇ ತೆಗೆದುಹಾಕಿವೆ. ವಿಂಡೋಸ್ 7ರಲ್ಲಿ ಎಎಚ್‌ಸಿಐ ಡ್ರೈವರ್ ಇದೆ, ಆದರೆ ಐಡಿಇಯಲ್ಲಿ ಇನ್‌ಸ್ಟಾಲ್ ಮಾಡಿದ್ದರೆ ಅದು ಮಲಗಿರುತ್ತದೆ. ರಿಜಿಸ್ಟ್ರಿಯ ಸರ್ವಿಸಸ್ ವಿಭಾಗದಲ್ಲಿ ‘ಎಂಎಸ್‌ಎಎಚ್‌ಸಿಐ’ ಎಂಬಲ್ಲಿರುವ ‘ಸ್ಟಾರ್ಟ್’ ಬೆಲೆಯನ್ನು 3ರಿಂದ 0ಗೆ ಬದಲಿಸಿದರೆ ಅದು ಬೂಟ್ ಹೊತ್ತಿಗೇ ಏಳುತ್ತದೆ. ಹಳೆಯ ಯಂತ್ರ ಸತ್ತೇಹೋಗಿದ್ದರೂ ಇದು ಸಾಧ್ಯ: ವಿಂಡೋಸ್ 7ರ ಡಿವಿಡಿಯಿಂದ ರಿಪೇರಿ ಪರದೆಗೆ ಹೋಗಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ರಿಜಿಸ್ಟ್ರಿ ಎಡಿಟರ್ ತೆರೆದು, ಡಿಸ್ಕ್‌ನಲ್ಲಿರುವ ‘ಸಿಸ್ಟಂ’ ಹೈವ್ ಅನ್ನು ಲೋಡ್ ಮಾಡಿಕೊಂಡು ತಿದ್ದಬಹುದು. ವಿಂಡೋಸ್ 10 ಆದರೆ ಇಷ್ಟೆಲ್ಲ ಬೇಡ. ಒಮ್ಮೆ ಸೇಫ್ ಮೋಡ್‌ನಲ್ಲಿ ಬೂಟ್ ಮಾಡಿದರೆ ಸಾಮಾನ್ಯವಾಗಿ ತಾನೇ ಸರಿಯಾದ ಡ್ರೈವರ್ ಎತ್ತಿಕೊಳ್ಳುತ್ತದೆ.

ಕೀಬೋರ್ಡ್ ಮೌಸ್ ಸ್ತಬ್ಧವಾದರೆ

ವಿಂಡೋಸ್ 7 ಹಾಕಲು ಹೊರಟವರಿಗೆ ಎದುರಾಗುವ ಇನ್ನೊಂದು ಗೋಡೆ ಯುಎಸ್‌ಬಿ. ವಿಂಡೋಸ್ 7 ಬಂದದ್ದು 2009ರಲ್ಲಿ, ಅದರ ಮೂಲ ಡಿವಿಡಿಯಲ್ಲಿ ಯುಎಸ್‌ಬಿ 3.0 ಡ್ರೈವರ್ ಇಲ್ಲ. ಬಹುಕಾಲ ಇದು ಯಾರನ್ನೂ ಕಾಡಲಿಲ್ಲ, ಏಕೆಂದರೆ ಬೋರ್ಡ್‌ಗಳಲ್ಲಿ ಯುಎಸ್‌ಬಿ 2.0 ನಿಯಂತ್ರಕವೂ ಇರುತ್ತಿತ್ತು. 2015ರಲ್ಲಿ ಆರನೇ ಪೀಳಿಗೆಯ ಪ್ರೊಸೆಸರ್‌ಗಳ ಜೊತೆ ಬಂದ 100 ಸರಣಿಯ ಚಿಪ್‌ಸೆಟ್‌ಗಳಿಂದ ಇಂಟೆಲ್ ಅದನ್ನು ಕೈಬಿಟ್ಟಿತು. ಇನ್‌ಸ್ಟಾಲ್ ಪರದೆ ಬರುತ್ತದೆ, ಆದರೆ ಕೀಬೋರ್ಡ್ ಒತ್ತಿದರೆ ಏನೂ ಆಗುವುದಿಲ್ಲ, ಮೌಸ್ ಬಾಣ ಅಲುಗುವುದಿಲ್ಲ. ಹಿಂದೆ ದುಂಡನೆಯ ಪಿಎಸ್‌2 ಪೋರ್ಟ್ ಇರುವ ಬೋರ್ಡ್ ಆದರೆ ಹಳೆಯ ಕೀಬೋರ್ಡ್ ಜೋಡಿಸಿ ಪಾರಾಗಬಹುದು. ಇಲ್ಲದಿದ್ದರೆ ಇನ್‌ಸ್ಟಾಲ್ ಕಡತದೊಳಗೇ ಡ್ರೈವರ್ ಸೇರಿಸಬೇಕಾಗುತ್ತದೆ. ಎನ್‌ವಿಎಂಇ ಎಸ್‌ಎಸ್‌ಡಿಗೂ ಇದೇ ಮಾತು. ಮೈಕ್ರೋಸಾಫ್ಟ್ ಪ್ರತ್ಯೇಕವಾಗಿ ಕೊಟ್ಟ ಅಪ್‌ಡೇಟ್ ಸೇರಿಸದೆ ವಿಂಡೋಸ್ 7 ಅದನ್ನು ಗುರುತಿಸದು. ಹಳೆಯ ವಿಂಡೋಸ್‌ಗೆ ಸಾಟಾ ಎಸ್‌ಎಸ್‌ಡಿಯೇ ಕ್ಷೇಮ.

ಹಳದಿ ತ್ರಿಕೋನದ ಹಿಂದಿರುವ ವಿಳಾಸ

ವಿಂಡೋಸ್ ಎದ್ದಿತು ಎಂದಿಟ್ಟುಕೊಳ್ಳಿ. ಡಿವೈಸ್ ಮ್ಯಾನೇಜರ್ ತೆರೆದರೆ ಸಾಲು ಸಾಲು ಹಳದಿ ಗುರುತು, ‘ಅನ್‌ನೋನ್ ಡಿವೈಸ್’. ಹೆಸರಿಲ್ಲದ ಈ ಸಾಧನಕ್ಕೂ ಖಚಿತ ವಿಳಾಸವಿದೆ. ಅದರ ಮೇಲೆ ಎರಡು ಸಲ ಕ್ಲಿಕ್ಕಿಸಿ. ಮೊದಲ ಪುಟದಲ್ಲಿ ಕೋಡ್ 28 ಎಂದಿದ್ದರೆ ಡ್ರೈವರ್ ಹಾಕಿಯೇ ಇಲ್ಲ ಎಂದರ್ಥ. ಕೋಡ್ 10 ಎಂದಿದ್ದರೆ ಸಾಧನ ಶುರುವಾಗಲು ಆಗಲಿಲ್ಲ ಎಂದರ್ಥ. ‘ಡೀಟೇಲ್ಸ್’ ಪುಟದಲ್ಲಿ ‘ಹಾರ್ಡ್‌ವೇರ್ ಐಡಿ’ ಆರಿಸಿದರೆ ‘ವೆನ್’ ಮತ್ತು ‘ಡೆವ್’ ಎಂಬ ಅಕ್ಷರಗಳ ಮುಂದೆ ನಾಲ್ಕು ನಾಲ್ಕು ಅಂಕಿಗಳು ಕಾಣುತ್ತವೆ. ‘ವೆನ್’ ತಯಾರಕರ ಗುರುತು: 8086 ಎಂದರೆ ಇಂಟೆಲ್, 10ಡಿಇ ಎಂದರೆ ಎನ್‌ವಿಡಿಯಾ, 1002 ಎಂದರೆ ಎಎಂಡಿ, 10ಇಸಿ ಎಂದರೆ ರಿಯಲ್‌ಟೆಕ್. ‘10ಇಸಿ, 8168’ ಎಂದಿದ್ದರೆ ಅದು ರಿಯಲ್‌ಟೆಕ್‌ನ ನೆಟ್‌ವರ್ಕ್ ಚಿಪ್. ಇಷ್ಟು ಗೊತ್ತಾದಮೇಲೆ ಊಹೆಯ ಮಾತಿಲ್ಲ, ಮದರ್‌ಬೋರ್ಡ್ ಅಥವಾ ಚಿಪ್ ತಯಾರಕರ ತಾಣದಿಂದಲೇ ಡ್ರೈವರ್ ತರಬಹುದು.

ಮೊದಲು ಚಿಪ್‌ಸೆಟ್, ಆಮೇಲೆ ನೆಟ್‌ವರ್ಕ್, ನಂತರ ಗ್ರಾಫಿಕ್ಸ್, ಕೊನೆಗೆ ಸೌಂಡ್ ಎಂಬ ಕ್ರಮ ಅನುಸರಿಸಿದರೆ ಗೊಂದಲ ಕಡಿಮೆ. ನೆಟ್‌ವರ್ಕ್ ಡ್ರೈವರ್ ಅನ್ನು ಮುಂಚೆಯೇ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಅದಿಲ್ಲದೆ ಇಂಟರ್ನೆಟ್ ಇಲ್ಲ, ಇಂಟರ್ನೆಟ್ ಇಲ್ಲದೆ ಮಿಕ್ಕ ಡ್ರೈವರ್ ಇಲ್ಲ. ಎಲ್ಲ ಡ್ರೈವರ್‌ಗಳನ್ನೂ ಒಂದೇ ಏಟಿಗೆ ಹಾಕಿಕೊಡುತ್ತೇವೆ ಎನ್ನುವ ಅಪರಿಚಿತ ತಂತ್ರಾಂಶಗಳ ಸಹವಾಸ ಬೇಡ. ಅವುಗಳ ಜೊತೆ ಬೇಡದ್ದೂ ಒಳಗೆ ಬರುತ್ತದೆ.

ಪ್ರಿಂಟರ್ ಮತ್ತು ಡಾಂಗಲ್

ನಮ್ಮ ಅಂಗಡಿ, ಕಚೇರಿಗಳಲ್ಲಿ ನಿಜವಾದ ತಲೆನೋವು ಇವೆರಡು. ಕಾರ್ಬನ್ ಪ್ರತಿಯ ಬಿಲ್‌ಗಾಗಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇನ್ನೂ ಬೇಕು. ಹಳೆಯ ಡಾಸ್ ಲೆಕ್ಕದ ಪ್ರೋಗ್ರಾಂಗಳು ನೇರವಾಗಿ ‘ಎಲ್‌ಪಿಟಿ1’ ಪೋರ್ಟ್‌ಗೇ ಬರೆಯುತ್ತವೆ, ಹೊಸ ಯಂತ್ರದಲ್ಲಿ ಆ ಪೋರ್ಟೇ ಇರುವುದಿಲ್ಲ. 32 ಬಿಟ್ ವಿಂಡೋಸ್ ಇದ್ದರೆ, ಯುಎಸ್‌ಬಿ ಪ್ರಿಂಟರ್ ಅನ್ನು ಷೇರ್ ಮಾಡಿ ‘ನೆಟ್ ಯೂಸ್’ ಆದೇಶದಿಂದ ಅದನ್ನು ಎಲ್‌ಪಿಟಿ1 ಎಂದು ಹೆಸರಿಸಿದರೆ ಪ್ರೋಗ್ರಾಂಗೆ ವ್ಯತ್ಯಾಸ ತಿಳಿಯದು.

ತಂತ್ರಾಂಶದ ಪರವಾನಗಿಯ ಕೀಲಿಯಾಗಿ ಪ್ಯಾರಲಲ್ ಪೋರ್ಟ್‌ಗೆ ಸಿಕ್ಕಿಸುವ ಡಾಂಗಲ್ ಇಷ್ಟು ಸುಲಭವಾಗಿ ಬಗ್ಗದು. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್‌ಗಳು ಹೆಚ್ಚಾಗಿ ಪ್ರಿಂಟರ್‌ಗಷ್ಟೇ ಮಾಡಿದವು, ಡಾಂಗಲ್ ಅವುಗಳಲ್ಲಿ ಕೆಲಸ ಮಾಡುವುದು ಅಪರೂಪ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಹಾಕುವ ಪ್ಯಾರಲಲ್ ಕಾರ್ಡ್ ಇದಕ್ಕಿಂತ ನಂಬಿಕಸ್ಥ.

ಇನ್ನೊಂದು ಮಿತಿಯನ್ನು ಯಾವ ಜಾಣ್ಮೆಯೂ ದಾಟಲಾರದು. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಡ್ರೈವರ್ ಲೋಡ್ ಆಗುವುದಿಲ್ಲ, 16 ಬಿಟ್ ಪ್ರೋಗ್ರಾಂ ನೇರವಾಗಿ ಓಡುವುದಿಲ್ಲ. ವಿಂಡೋಸ್ 11 ಬಂದಿರುವುದು 64 ಬಿಟ್‌ನಲ್ಲಿ ಮಾತ್ರ.

ಯಂತ್ರದೊಳಗೊಂದು ಯಂತ್ರ

ಇಲ್ಲಿಗೆ ಬಂದು ನಿಂತವರಿಗೆ ವರ್ಚುವಲ್ ಮಷೀನ್ ಒಳ್ಳೆಯ ಆಸರೆ. ಮೈಕ್ರೋಸಾಫ್ಟ್‌ನದೇ ‘ಡಿಸ್ಕ್‌2ವಿಎಚ್‌ಡಿ’ ಎಂಬ ಉಚಿತ ತಂತ್ರಾಂಶ ಹಳೆಯ ಡಿಸ್ಕ್ ಅನ್ನು ಇಡಿಯಾಗಿ ಒಂದು ಕಡತವಾಗಿಸುತ್ತದೆ. ಆ ಕಡತವನ್ನು ಹೊಸ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ ಮೂಲಕ ತೆರೆಯಬಹುದು. ವರ್ಚುವಲ್‌ಬಾಕ್ಸ್ ಹಳೆಯ ಕಾಲದ ಐಡಿಇ ನಿಯಂತ್ರಕವನ್ನೇ ಅನುಕರಿಸಬಲ್ಲದು. ಎಕ್ಸ್‌ಪಿ ಬಯಸುವುದೂ ಅದನ್ನೇ. ಯುಎಸ್‌ಬಿ ಡಾಂಗಲ್ ಅನ್ನು ಒಳಗಿನ ಯಂತ್ರಕ್ಕೆ ಒಪ್ಪಿಸಲೂಬಹುದು. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿರುವುದರಿಂದ ಆ ಒಳಗಿನ ಯಂತ್ರಕ್ಕೆ ಇಂಟರ್ನೆಟ್ ಸಂಪರ್ಕ ಕೊಡಬೇಡಿ.

ಲಿನಕ್ಸ್ ಬಳಸುವವರು ಈ ಕಷ್ಟಗಳಿಂದ ಬಹುಮಟ್ಟಿಗೆ ಪಾರು. ಅಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್ ಜೊತೆಗೇ ಬರುತ್ತವೆ, ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೂ ಸಾಮಾನ್ಯವಾಗಿ ಬೂಟ್ ಆಗುತ್ತದೆ.

ಹಳೆಯದು ಓಡುತ್ತಿರುವಾಗಲೇ

ಮೇಲಿನ ತೊಂದರೆಗಳಲ್ಲಿ ಬಹುಪಾಲು ಬಗೆಹರಿಯುವುದು ಹಳೆಯ ಯಂತ್ರದಲ್ಲಿ, ಅದು ಇನ್ನೂ ಉಸಿರಾಡುತ್ತಿರುವಾಗ. ಇಡೀ ಡಿಸ್ಕ್‌ನ ಇಮೇಜ್ ತೆಗೆದು ಬೇರೊಂದು ಡಿಸ್ಕ್‌ನಲ್ಲಿಡಿ. ಪ್ರಿಂಟರ್, ಸ್ಕ್ಯಾನರ್, ಡಾಂಗಲ್‌ಗಳ ಹಾರ್ಡ್‌ವೇರ್ ಐಡಿ ಬರೆದಿಟ್ಟುಕೊಳ್ಳಿ. ವಿಂಡೋಸ್ 10ರಲ್ಲಾದರೆ ‘ಡಿಸ್ಮ್’ ಆದೇಶದಿಂದ ಹೊರಗಿನಿಂದ ಹಾಕಿದ ಡ್ರೈವರ್‌ಗಳನ್ನೆಲ್ಲ ಒಂದು ಫೋಲ್ಡರ್‌ಗೆ ತೆಗೆಯಬಹುದು. ಮದರ್‌ಬೋರ್ಡ್ ಬದಲಾದರೆ ವಿಂಡೋಸ್ ಮತ್ತೆ ಆ್ಯಕ್ಟಿವೇಷನ್ ಕೇಳಬಹುದು, ಆದ್ದರಿಂದ ಪರವಾನಗಿ ಸಂಖ್ಯೆಗಳನ್ನು ಕಾಗದದ ಮೇಲೂ ಬರೆದಿಡಿ. ಹೊಸ ಯಂತ್ರದಲ್ಲಿ ಪ್ರಯೋಗ ನಡೆಸುವುದು ಡಿಸ್ಕ್‌ನ ನಕಲಿನ ಮೇಲಿರಲಿ, ಮೂಲದ ಮೇಲೆ ಬೇಡ.

ನಿಮ್ಮ ಅಂಗಡಿಯ ಹಳೆಯ ಸಿಸ್ಟಂ ಇಂದು ಬೆಳಿಗ್ಗೆ ಸರಿಯಾಗಿ ಶುರುವಾಗಿದ್ದರೆ, ಇಮೇಜ್ ತೆಗೆಯುವ ಕೆಲಸವನ್ನು ಈ ವಾರವೇ ಮುಗಿಸಿ. ಮದರ್‌ಬೋರ್ಡ್ ಕೆಟ್ಟ ಮೇಲೆ ನಿಮ್ಮ ಕೈಯಲ್ಲಿರುವ ದಾರಿಗಳು ಕಡಿಮೆಯಾಗುತ್ತವೆ, ಖರ್ಚು ಹೆಚ್ಚುತ್ತದೆ.