ಸ್ಕೈಡೈವಿಂಗ್ ಕಲಿಕೆ

ಸ್ಕೈಡೈವಿಂಗ್ ಎಂಬುದು ವಿಮಾನದಿಂದ ಜಿಗಿದು, ಬಳಿಕ ಪ್ಯಾರಾಚೂಟ್ ತೆರೆದು ನೆಲಕ್ಕಿಳಿಯುವ ಸಾಹಸ ಕ್ರೀಡೆ. ಅಮೆರಿಕದಲ್ಲಿ ಯುನೈಟೆಡ್ ಸ್ಟೇಟ್ಸ್ ಪ್ಯಾರಾಚೂಟ್ ಅಸೋಸಿಯೇಷನ್ ನೀಡುವ ಮೊದಲ ಹಂತದ ‘ಎ’ ಪರವಾನಗಿಗೆ ಕನಿಷ್ಠ 25 ಜಿಗಿತಗಳು ಅಗತ್ಯ.

ಕಲಿಯುವವರು ಮುಖ್ಯ ಪ್ಯಾರಾಚೂಟ್‌ನೊಂದಿಗೆ ಮೀಸಲು ಪ್ಯಾರಾಚೂಟನ್ನೂ ಅದನ್ನು ತಾನಾಗಿಯೇ ತೆರೆಯುವ ಸಾಧನವನ್ನೂ ಧರಿಸಿರುತ್ತಾರೆ. ಆದರೆ ಆ ಸಾಧನವನ್ನು ನೆಚ್ಚಿಕೊಳ್ಳುವಂತಿಲ್ಲ. ಮುಖ್ಯ ಪ್ಯಾರಾಚೂಟ್ ಸರಿಯಾಗಿ ತೆರೆಯದಿದ್ದರೆ, 2,500 ಅಡಿ ಎತ್ತರಕ್ಕೆ ಇಳಿಯುವ ಮೊದಲೇ ನಿರ್ಧಾರ ಕೈಗೊಳ್ಳಬೇಕು.

ಸರಿಯಾಗಿ ತೆರೆದ ಪ್ಯಾರಾಚೂಟ್‌ನಲ್ಲಿ ಇಳಿಯುವಾಗಲೂ ಅನೇಕ ಮಾರಕ ಅಪಘಾತಗಳು ಸಂಭವಿಸಿವೆ. ನೆಲದ ಸಮೀಪದಲ್ಲಿ ತೀವ್ರವಾಗಿ ತಿರುಗಿದರೆ ಇಳಿಯುವ ವೇಗ ಒಮ್ಮೆಲೇ ಹೆಚ್ಚುವುದು ಇದಕ್ಕೆ ಪ್ರಮುಖ ಕಾರಣ. ಆದ್ದರಿಂದ ಸಣ್ಣ, ವೇಗದ ಪ್ಯಾರಾಚೂಟ್‌ಗೆ ಆತುರಪಡದಿರುವುದು, ಜಿಗಿಯುವ ಮುನ್ನ ಪರಸ್ಪರರ ಸಲಕರಣೆಗಳನ್ನು ಪರೀಕ್ಷಿಸುವುದು ಹಾಗೂ ಗಾಳಿ ಹೆಚ್ಚಿದ್ದಾಗ ನೆಲದಲ್ಲೇ ಉಳಿಯುವುದು ಈ ಕ್ರೀಡೆಯ ಶಿಸ್ತಿನ ಭಾಗವಾಗಿವೆ.