ಬಾಯಿಯಿಲ್ಲದ ಅತಿಥಿ

ಕಳೆದ ನವರಾತ್ರಿಯ ರಜೆಯಲ್ಲಿ ಮಾಸ್ತಿಕಟ್ಟೆಯ ಬಂಧುಗಳ ಮನೆಗೆ ಹೋಗಿದ್ದೆ. ಮಳೆ ಹೊಳವಾದ ಒಂದು ರಾತ್ರಿ, ಜಗಲಿಯ ವಿದ್ಯುದ್ದೀಪದ ಬಳಿ ಗೋಡೆಗೆ ಅಂಟಿಕೊಂಡು, ಎರಡು ಅಂಗೈಗಳನ್ನು ಅಗಲಿಸಿ ಜೋಡಿಸಿದಷ್ಟು ದೊಡ್ಡದೊಂದು ಹಾತೆ ಕುಳಿತಿತ್ತು. ಕೆಂಗಂದು ಬಣ್ಣದ ನಾಲ್ಕು ರೆಕ್ಕೆಗಳಲ್ಲಿಯೂ ಗಾಜಿನಂತಹ ಮುಕ್ಕೋನದ ಕಿಟಕಿಗಳು. ಮುಂದಿನ ರೆಕ್ಕೆಗಳ ತುದಿಯೋ, ಸಾಕ್ಷಾತ್ ಸರ್ಪದ ತಲೆ.

“ಪಾಪ, ಹಸಿದು ಬಂದಿರಬೇಕು. ಒಂದು ಹೂವಾದರೂ ತಂದಿಡು ಮಾರಾಯ” ಎಂದರು ಅತ್ತೆ.

“ಅದಕ್ಕೆ ಬಾಯಿಯೇ ಇಲ್ಲ, ಅತ್ತೆ.”

ಅವರು ನಂಬಲಿಲ್ಲ. ಒಂದು ದಾಸವಾಳವನ್ನು ಕಿತ್ತು ತಂದು ಜಗಲಿಯ ಕಟ್ಟೆಯ ಮೇಲಿಟ್ಟರು.

ನಂಬುವುದು ಕಷ್ಟವೇ ಸರಿ. ಈ ಜೀವಿಯ ಬಾಯಿಯ ಅಂಗಗಳು ಕ್ಷೀಣಿಸಿ ನಿರುಪಯುಕ್ತವಾಗಿವೆ. ಉಣ್ಣುವುದೆಲ್ಲ ಕಂಬಳಿಹುಳುವಿನ ಕಾಲದಲ್ಲಿಯೇ ಮುಗಿದಿರುತ್ತದೆ. ಮೈತುಂಬ ಬಿಳಿಯ ಮೇಣದ ಪುಡಿ ಬಳಿದುಕೊಂಡ ಆ ಹುಳುವು ದಾಲ್ಚಿನ್ನಿ ಮೊದಲಾದ ಗಿಡಗಳ ಎಲೆಯನ್ನು ಮೇದು, ಕೊಬ್ಬನ್ನು ಕೂಡಿಟ್ಟು, ಎಲೆಯ ಮರೆಯಲ್ಲಿ ಕಂದು ರೇಷ್ಮೆಯ ಗೂಡು ಕಟ್ಟುತ್ತದೆ. ರೆಕ್ಕೆ ಮೂಡಿ ಹೊರಬಂದ ಮೇಲೆ ಆಯುಸ್ಸು ಒಂದೆರಡು ವಾರ. ಕೂಡಿಟ್ಟ ಬುತ್ತಿಯೇ ಅದರ ಗಡುವು. ಹೆಣ್ಣು ಹೆಚ್ಚು ಹಾರಾಡದೆ ಕತ್ತಲೆಯಲ್ಲಿ ಕುಳಿತು ಗಂಧವನ್ನು ಬೀರುತ್ತದೆ. ಗಂಡು ತನ್ನ ಗರಿಯಂತಹ ಅಗಲವಾದ ಮೀಸೆಗಳಿಂದ ಆ ಗಂಧವನ್ನು ಹಿಡಿದು ದೂರದಿಂದ ಅರಸಿ ಬರುತ್ತದೆ. ನಮ್ಮ ಗೋಡೆಯ ಮೇಲಿದ್ದುದರ ಮೀಸೆಗಳು ಅಗಲವಾಗಿದ್ದವು.

1880ರ ದಶಕದಲ್ಲಿ ಲಂಕೆಯ ಪತಂಗಗಳನ್ನು ವರ್ಣಿಸಿದ ಫ್ರೆಡರಿಕ್ ಮೂರ್ ಎಂಬ ಆಂಗ್ಲ ವಿದ್ವಾಂಸನು ಇದಕ್ಕೆ ‘ತಪ್ರೊಬಾನಿಸ್’ ಎಂದು ಹೆಸರಿಟ್ಟನು. ತಪ್ರೊಬಾನೆ ಎಂಬುದು ಗ್ರೀಕರ ಬಾಯಲ್ಲಿ ಲಂಕೆಯ ಹೆಸರು. ಆಗ್ನೇಯ ಏಷ್ಯದ ಅಟ್ಲಾಸ್ ಪತಂಗಕ್ಕೆ ಇದು ತೀರ ಹತ್ತಿರದ ನೆಂಟ. ಎರಡನ್ನೂ ಒಂದೇ ಎಂದು ಬರೆದವರೂ ಉಂಟು. ಕನ್ನಡದಲ್ಲಾದರೋ ಸೊಳ್ಳೆಯಷ್ಟು ಸಣ್ಣದೂ ಪತಂಗವೇ, ಇದೂ ಪತಂಗವೇ! ಕಾವ್ಯದಲ್ಲಿ ಅದಕ್ಕೆ ದೀಪಕ್ಕೆ ಬೀಳುವುದೊಂದೇ ಕೆಲಸ.

ಪತಂಗವು ಬೆಳಕಿಗೆ ಮೋಹಗೊಳ್ಳುತ್ತದೆಂದು ತರಗತಿಯಲ್ಲಿ ನಾನು ವರ್ಷಗಟ್ಟಲೆ ವಿವರಿಸಿದ್ದೇನೆ. 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬೇರೆಯದನ್ನೇ ಹೇಳುತ್ತದೆ. ಇರುಳಿನಲ್ಲಿಯೂ ನೆಲಕ್ಕಿಂತ ಆಕಾಶವೇ ಬೆಳ್ಳಗಿರುವುದರಿಂದ ಹಲವು ಕೀಟಗಳು ಬೆಳಕಿನ ಕಡೆಗೆ ಬೆನ್ನು ಮಾಡಿ ಹಾರುತ್ತವೆ. ದೀಪದ ಬಳಿ ಹಾಗೆಯೇ ಬೆನ್ನು ತಿರುಗಿಸಿ, ಮೇಲು ಕೆಳಗು ತಿಳಿಯದೆ ಸುತ್ತತೊಡಗುತ್ತವೆ. ಅದು ಮೋಹವಲ್ಲ, ದಿಕ್ಕುಗೆಟ್ಟ ಸ್ಥಿತಿ. ಹತ್ತು ರಾತ್ರಿಗಳ ಒಡೆಯನು ಅದರಲ್ಲೊಂದನ್ನು ನಮ್ಮ ಜಗಲಿಯಲ್ಲಿ ಕಳೆಯುತ್ತಿದ್ದನು.

ನಾನೆದ್ದು ದೀಪವಾರಿಸಿದೆ. ಕತ್ತಲೆಯಲ್ಲಿ ಕೂರಬೇಕೇ ಎಂದು ಅತ್ತೆ ಗೊಣಗಿದರು. ಆದರೆ ಎದ್ದು ಹೋಗಲಿಲ್ಲ. ಬೆಳಗ್ಗೆ ನೋಡಿದರೆ ಗೋಡೆ ಬರಿದಾಗಿತ್ತು. ಕಟ್ಟೆಯ ಮೇಲೆ ದಾಸವಾಳ ಬಾಡಿತ್ತು.