ಪರನಾಡಿನ ತರಗತಿಯಲ್ಲಿ ಸಹಾಯಕ ಶಿಕ್ಷಕ

ಒಂದು ಭಾಷೆಯನ್ನು ಬಲ್ಲವರೆಲ್ಲರೂ ಅದನ್ನು ಕಲಿಸಬಲ್ಲರೆಂಬ ನಂಬಿಕೆ ಲೋಕದಲ್ಲಿ ವ್ಯಾಪಕವಾಗಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಅರಿಯಲು, ಜಪಾನಿನ ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಿ ಸೇರುವ ವಿದೇಶೀ ತರುಣರ ಮೊದಲ ತಿಂಗಳುಗಳು ಒಳ್ಳೆಯ ನಿದರ್ಶನವಾಗಿವೆ.

ಜಪಾನ್ ಸರ್ಕಾರವು ೧೯೮೭ರಲ್ಲಿ 'ಜೆಟ್' ಎಂಬ ವಿನಿಮಯ ಯೋಜನೆಯನ್ನು ಆರಂಭಿಸಿತು. ಮೊದಲ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳಿಂದ ೮೪೮ ಮಂದಿ ಬಂದರು. ಅಂದಿನಿಂದ ಇಂದಿನವರೆಗೆ ಬಂದವರ ಸಂಖ್ಯೆ ೭೦ ಸಾವಿರವನ್ನು ಮೀರಿದೆ. ಇವರಲ್ಲಿ ಬಹುಪಾಲು ಜನ ಸಹಾಯಕ ಭಾಷಾ ಶಿಕ್ಷಕರು. ಅಭ್ಯರ್ಥಿಗೆ ಯಾವುದಾದರೊಂದು ವಿಷಯದಲ್ಲಿ ಪದವಿ ಇದ್ದರೆ ಸಾಕು; ಶಿಕ್ಷಕ ತರಬೇತಿ ಕಡ್ಡಾಯವಲ್ಲ. ನೇಮಕವು ಒಂದು ವರ್ಷದ್ದು. ಉಭಯರಿಗೂ ಒಪ್ಪಿಗೆಯಾದರೆ ಒಟ್ಟು ಐದು ವರ್ಷಗಳವರೆಗೆ ಮುಂದುವರಿಯಬಹುದು.

ಅಲ್ಲಿನ ಶಾಲಾವರ್ಷ ಏಪ್ರಿಲ್ ತಿಂಗಳಲ್ಲಿ ಮೊದಲಾಗುತ್ತದೆ. ಆದರೆ ಹೊಸಬರಲ್ಲಿ ಹೆಚ್ಚಿನವರು ಬಂದಿಳಿಯುವುದು ಜುಲೈ ಕೊನೆಯಲ್ಲಿ ಅಥವಾ ಆಗಸ್ಟ್‌ನಲ್ಲಿ, ಬೇಸಿಗೆಯ ರಜೆ ನಡೆದಿರುವಾಗ. ಪಾಠಗಳಿಲ್ಲದ ಆ ದಿನಗಳು ಕೆಲವರಿಗೆ ಬೇಸರ ತರುತ್ತವೆ. ವಿವೇಕಿಗಳು ಆ ಅವಧಿಯಲ್ಲಿ ಪಠ್ಯಪುಸ್ತಕವನ್ನು ಓದಿ, ಸಹೋದ್ಯೋಗಿಗಳ ಹೆಸರುಗಳನ್ನು ಕಲಿತುಕೊಳ್ಳುತ್ತಾರೆ. ಶಾಲೆಯ ಬಾಗಿಲಲ್ಲಿ ಹೊರಗಿನ ಪಾದರಕ್ಷೆ ಬಿಟ್ಟು ಒಳಗಿನದನ್ನು ಧರಿಸುವುದು, ಮಕ್ಕಳೇ ಬಡಿಸುವ ಊಟವನ್ನು ತರಗತಿಯಲ್ಲಿ ಅವರೊಡನೆ ಕುಳಿತು ಉಣ್ಣುವುದು, ಅವರೊಡನೆ ಪೊರಕೆ ಹಿಡಿದು ಕೊಠಡಿ ಗುಡಿಸುವುದು ಇವೆಲ್ಲವೂ ಅಲ್ಲಿನ ಶಾಲಾಜೀವನದ ಅಂಗಗಳು. ಅನೇಕ ಮಕ್ಕಳು ಮೊದಲ ಇಂಗ್ಲಿಷ್ ಮಾತನ್ನು ಆಡುವುದು ಪಾಠದ ವೇಳೆಯಲ್ಲಲ್ಲ, ಇಂಥ ಸಂದರ್ಭಗಳಲ್ಲಿ.

ನಿಜವಾದ ಪರೀಕ್ಷೆ ತರಗತಿಯಲ್ಲಿ ಕಾದಿರುತ್ತದೆ. ಹೊಸ ಸಹಾಯಕನು ತನ್ನ ಪರಿಚಯ ಹೇಳಿ, ಊರಿನ ಚಿತ್ರಗಳನ್ನು ತೋರಿಸಿ, ಉತ್ಸಾಹದಿಂದ ಒಂದು ಪ್ರಶ್ನೆ ಕೇಳುತ್ತಾನೆ. ಉತ್ತರ ಬರುವುದಿಲ್ಲ. ಮಕ್ಕಳು ತಲೆ ತಗ್ಗಿಸುತ್ತಾರೆ, ಪಕ್ಕದವರ ಮುಖ ನೋಡುತ್ತಾರೆ. ಇದನ್ನು ಅಜ್ಞಾನವೆಂದೋ ಅನಾದರವೆಂದೋ ಭಾವಿಸುವುದು ಹೊಸಬರ ಸಾಮಾನ್ಯ ತಪ್ಪು. ಎಲ್ಲರೆದುರು ತಪ್ಪಾಡುವ ಅಂಜಿಕೆಯೇ ಆ ಮೌನದ ಮುಖ್ಯ ಕಾರಣ. ತಾನೇ ಮಾತನಾಡಿ ಮೌನವನ್ನು ತುಂಬುವ ಸಹಾಯಕನು ಸೋಲುತ್ತಾನೆ. ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ಇಬ್ಬಿಬ್ಬರು ಕೂಡಿ ಯೋಚಿಸಲು ಬಿಟ್ಟು, ಕಾಯಬಲ್ಲವನು ಗೆಲ್ಲುತ್ತಾನೆ.

ಉಚ್ಚಾರಣೆಯ ವಿಷಯದಲ್ಲಿಯೂ ತಾಳ್ಮೆ ಬೇಕು. ಜಪಾನೀ ಭಾಷೆಯಲ್ಲಿ ಪದಗಳು ಬಹುತೇಕ ಸ್ವರಾಂತವಾದುದರಿಂದ 'ಮಿಲ್ಕ್' ಎಂಬುದು 'ಮಿರುಕು' ಎಂದೂ, 'ಡೆಸ್ಕ್' ಎಂಬುದು 'ದೆಸುಕು' ಎಂದೂ ಆಗುತ್ತದೆ. 'ಬಸ್' ಎಂಬುದನ್ನು 'ಬಸ್ಸು' ಎನ್ನುವ ಕನ್ನಡಿಗರಿಗೆ ಇದು ವಿಚಿತ್ರವೆನಿಸಲಾರದು. ಇದು ಮಗುವಿನ ದೋಷವಲ್ಲ, ತಾಯ್ನುಡಿಯ ಅಭ್ಯಾಸ. ಇದನ್ನು ಕಂಡು ನಕ್ಕ ಶಿಕ್ಷಕನ ಮುಂದೆ ಆ ಮಗು ಮತ್ತೆ ಬಾಯಿ ತೆರೆಯುವುದು ಕಷ್ಟ.

ಇನ್ನು ಸಹಾಯಕನ ಸ್ಥಾನದ ಪ್ರಶ್ನೆ. ತರಗತಿಯ ಹೊಣೆ ಇರುವುದು ಅರ್ಹತಾಪತ್ರ ಪಡೆದ ಜಪಾನೀ ಶಿಕ್ಷಕರ ಮೇಲೆ. ಅವರ ಮೇಲೆ ಪ್ರೌಢಶಾಲಾ ಪ್ರವೇಶ ಪರೀಕ್ಷೆಯ ಒತ್ತಡವಿರುತ್ತದೆ. ವ್ಯಾಕರಣ ಮತ್ತು ಭಾಷಾಂತರಗಳ ಮೂಲಕ ಕಲಿಸುವ ಹಳೆಯ ಪದ್ಧತಿಯ ಪ್ರಭಾವವೂ ಉಂಟು. ಇದರಿಂದ ಕೆಲವೆಡೆ ಸಹಾಯಕನು ಪಾಠವನ್ನು ಓದಿ ಹೇಳುವ ಧ್ವನಿಯಂತ್ರ ಮಾತ್ರವಾಗುತ್ತಾನೆ. ಮತ್ತೆ ಕೆಲವೆಡೆ ಇಡೀ ತರಗತಿಯನ್ನೇ ಅವನ ತಲೆಗೆ ಕಟ್ಟಲಾಗುತ್ತದೆ. ಎರಡರಿಂದಲೂ ನಷ್ಟ ಮಕ್ಕಳಿಗೇ. ಪಾಠಕ್ಕೆ ಮುನ್ನ ಹತ್ತು ನಿಮಿಷ ಇಬ್ಬರೂ ಕುಳಿತು, ಯಾರು ಏನನ್ನು ಮಾಡಬೇಕೆಂದು ನಿಶ್ಚಯಿಸಿಕೊಳ್ಳುವುದೇ ಇದಕ್ಕೆ ಪರಿಹಾರ. ಸಹಾಯಕನಿಗೆ ಭಾಷೆಯ ಸಹಜ ಬಳಕೆ ಗೊತ್ತು. ಮಕ್ಕಳು ಎಲ್ಲಿ ಎಡವುವರೆಂಬುದು ಶಿಕ್ಷಕರಿಗೆ ಗೊತ್ತು. ಅವರೂ ಒಮ್ಮೆ ಅಲ್ಲಿಯೇ ಎಡವಿ ಕಲಿತವರಲ್ಲವೆ? ಈ ಎರಡು ಅರಿವುಗಳು ಕೂಡಿದಾಗಲೇ ಪಾಠ ಫಲಿಸುತ್ತದೆ.

ಕಲಿಸಲೆಂದು ಬಂದ ತರುಣನು ಮೊದಲ ವರ್ಷದಲ್ಲಿ ತಾನೇ ಹೆಚ್ಚು ಕಲಿಯುತ್ತಾನೆ. ಹುಟ್ಟಿನಿಂದ ಬಂದ ಭಾಷೆ ಅವನಿಗೆ ತರಗತಿಯೊಳಗೆ ಪ್ರವೇಶವನ್ನಷ್ಟೇ ಕೊಡುತ್ತದೆ. ಶಿಕ್ಷಕನೆಂಬ ಹೆಸರನ್ನು ಅವನು ಅಲ್ಲಿ ಕಾಯುವುದರಿಂದಲೂ ಕೇಳಿಸಿಕೊಳ್ಳುವುದರಿಂದಲೂ ಸಂಪಾದಿಸಬೇಕಾಗುತ್ತದೆ.